ನೀರಿನ ಮೇಲೆ ಓಡಿದ ಹುಡುಗ ಮತ್ತು ತಲುಪದ ಸುದ್ದಿ

2019ರ ಆಗಸ್ಟ್‌ನಲ್ಲಿ ಕೃಷ್ಣಾ ನದಿ ಉಕ್ಕಿ ಹರಿಯುತ್ತಿದ್ದಾಗ ರಾಯಚೂರು ಜಿಲ್ಲೆಯಿಂದ ಒಂದು ಪುಟ್ಟ ವಿಡಿಯೊ ಹೊರಟು ದೇಶವನ್ನೆಲ್ಲ ಸುತ್ತಿತು. ದೇವದುರ್ಗ ತಾಲ್ಲೂಕಿನ ಹಿರೇರಾಯನಕುಂಪಿ ಗ್ರಾಮದ ಬಳಿ ಸೇತುವೆಯ ಮೇಲೆ ನೀರು ಹರಿಯುತ್ತಿದೆ. ರಸ್ತೆ ಎಲ್ಲಿ ಮುಗಿಯುತ್ತದೆ, ಹೊಳೆ ಎಲ್ಲಿ ಶುರುವಾಗುತ್ತದೆ ಎಂಬುದು ಕಾಣುವುದಿಲ್ಲ. ಹೆಣ್ಣುಮಗಳೊಬ್ಬಳ ಶವವನ್ನೂ ಜತೆಗೆ ಮಕ್ಕಳನ್ನೂ ಹೊತ್ತು ಯಾದಗಿರಿ ಕಡೆಗೆ ಹೊರಟ ಆಂಬುಲೆನ್ಸ್ ಒಂದು ಅಲ್ಲಿ ನಿಂತಿದೆ. ಆರನೇ ತರಗತಿಯ ಹುಡುಗನೊಬ್ಬ ಸೊಂಟದ ಮಟ್ಟ ನೀರಿನಲ್ಲಿ ಮುಂದೆ ಮುಂದೆ ಓಡುತ್ತಾನೆ. ಬೀಳುತ್ತಾನೆ, ಎದ್ದು ಮತ್ತೆ ಓಡುತ್ತಾನೆ. ಅವನ ಹಿಂದೆ ಆಂಬುಲೆನ್ಸ್ ಬರುತ್ತದೆ. ಅದೇ ತಿಂಗಳ ಸ್ವಾತಂತ್ರ್ಯ ದಿನಾಚರಣೆಯಲ್ಲಿ ಜಿಲ್ಲಾಡಳಿತ ಅವನನ್ನು ಸನ್ಮಾನಿಸಿತು. ಮುಂದೆ ರಾಷ್ಟ್ರೀಯ ಶೌರ್ಯ ಪ್ರಶಸ್ತಿಯೂ ಬಂತು. ಆ ಹುಡುಗ ಅದಕ್ಕೆ ಅರ್ಹನೇ ಆಗಿದ್ದ. ಅದರಲ್ಲಿ ಎರಡು ಮಾತಿಲ್ಲ.

ಆದರೆ ನಾವು ಆ ವಿಡಿಯೊವನ್ನು ನೋಡಿದ ರೀತಿಯ ಬಗ್ಗೆ ಎರಡು ಮಾತು ಆಡಬೇಕಾಗಿದೆ. ಕತೆ, ಕಾದಂಬರಿ, ಸಿನಿಮಾಗಳನ್ನು ವಿಮರ್ಶಿಸುವ ನಾವು ದಿನಕ್ಕೆ ನೂರು ಸಲ ಕೈಯಲ್ಲಿ ಹಿಡಿದು ನೋಡುವ ಈ ಹೊಸ ಬಗೆಯ ಕಥನಗಳನ್ನು ವಿಮರ್ಶೆಯ ಆಚೆಗೆ ಇಟ್ಟುಬಿಟ್ಟಿದ್ದೇವೆ. ನಮ್ಮ ಕಾಲದಲ್ಲಿ ಅಪಘಾತ, ನೆರೆ, ಬೆಂಕಿ, ಸಾಂಕ್ರಾಮಿಕಗಳ ಕುರಿತ ಜನರ ತಿಳಿವಳಿಕೆ ರೂಪುಗೊಳ್ಳುವುದು ಇಂಥ ತುಣುಕುಗಳಿಂದಲೇ. ಹಾಗಿರುವಾಗ ಈ ತುಣುಕು ಏನನ್ನು ತೋರಿಸುತ್ತದೆ, ಏನನ್ನು ಮುಚ್ಚಿಡುತ್ತದೆ ಎಂದು ಕೇಳುವುದು ವಿಮರ್ಶೆಯ ಕೆಲಸವೇ ಆಗಿದೆ.

ಆ ವಿಡಿಯೊ ಹುಡುಗನ ಧೈರ್ಯವನ್ನು ತೋರಿಸುತ್ತದೆ. ಅದು ಕೇಳದೆ ಬಿಟ್ಟ ಪ್ರಶ್ನೆ ಒಂದೇ: ಆ ಸೇತುವೆ ಮುಳುಗಿದೆ ಎಂದು ಆಂಬುಲೆನ್ಸ್ ಚಾಲಕನಿಗೆ ಹೊರಡುವ ಮೊದಲೇ ಯಾಕೆ ಗೊತ್ತಿರಲಿಲ್ಲ? ಗೊತ್ತಿದ್ದರೆ, ಬೇರೆ ದಾರಿ ಯಾವುದೆಂದು ಹೇಳುವವರು ಯಾಕೆ ಇರಲಿಲ್ಲ? ಮೇಲಿನ ನಾರಾಯಣಪುರದ ಬಸವಸಾಗರದಿಂದ ಎಷ್ಟು ನೀರು ಬಿಡಲಾಗುತ್ತಿದೆ ಎಂಬುದು ನೀರಾವರಿ ಇಲಾಖೆಗೆ ಗಂಟೆ ಗಂಟೆಗೂ ಗೊತ್ತಿರುತ್ತದೆ. ಸೇತುವೆಯ ಬದಿಯ ಹಳ್ಳಿಯವರಿಗೆ ನೀರು ಎಲ್ಲಿಯವರೆಗೆ ಬಂದಿದೆ ಎಂಬುದು ಕಣ್ಣಿಗೆ ಕಾಣುತ್ತಿರುತ್ತದೆ. ಪೊಲೀಸ್ ಠಾಣೆಗೂ ತಹಶೀಲ್ದಾರ್ ಕಚೇರಿಗೂ ಸುದ್ದಿ ಹೋಗಿರುತ್ತದೆ. ಹೀಗೆ ಎಲ್ಲರ ಬಳಿಯೂ ಒಂದೊಂದು ಚೂರು ತಿಳಿವಳಿಕೆ ಇದ್ದಾಗ್ಯೂ, ಅದು ಬೇಕಾದವನ ಕೈಗೆ, ಬೇಕಾದ ಹೊತ್ತಿಗೆ ಸೇರಲಿಲ್ಲ. ಆ ಕೊರತೆಯನ್ನು ಒಬ್ಬ ಬಾಲಕ ತನ್ನ ಮೈಯಿಂದ ತುಂಬಿಕೊಟ್ಟ. ನಾವು ಚಪ್ಪಾಳೆ ತಟ್ಟಿ ಆ ಕೊರತೆಯನ್ನು ಮರೆತೆವು.

ಇದೇ ಕೃಷ್ಣೆಯ ದಂಡೆಯಲ್ಲಿ, ಲಿಂಗಸುಗೂರು ತಾಲ್ಲೂಕಿನಲ್ಲಿ, ಇಂಥದೇ ಸಂಕಟ ಬಹುತೇಕ ಪ್ರತಿ ದೊಡ್ಡ ಮಳೆಗಾಲದಲ್ಲೂ ಮರುಕಳಿಸುತ್ತದೆ. ಬಸವಸಾಗರದ ಗೇಟುಗಳು ಎತ್ತಿದವೆಂದರೆ ಶೀಲಹಳ್ಳಿ ಸೇತುವೆ ಮುಳುಗುತ್ತದೆ. ಜಲದುರ್ಗ, ಯರಗೋಡಿ, ಹಂಚಿನಾಳ, ಕಡದರಗಡ್ಡಿ ಮುಂತಾದ ಊರುಗಳಿಗೆ ನೇರ ದಾರಿ ತಪ್ಪುತ್ತದೆ. ನಡುಗಡ್ಡೆಗಳಲ್ಲಿ ದನಕರುಗಳೊಡನೆ ಉಳಿದ ಕುಟುಂಬಗಳ ಸುದ್ದಿ ಪತ್ರಿಕೆಯಲ್ಲಿ ಬರುತ್ತದೆ. 2019ರಲ್ಲಿ ಬಸವಸಾಗರದ ಹೊರಹರಿವು ಐದು ಲಕ್ಷ ಕ್ಯೂಸೆಕ್ ದಾಟಿತ್ತು. ಈ ಲೆಕ್ಕವನ್ನು ಸಾಮಾನ್ಯ ಮಾತಿಗೆ ಇಳಿಸಿದರೆ, ಒಂದು ಸೆಕೆಂಡಿಗೆ ಸುಮಾರು 1.4 ಕೋಟಿ ಲೀಟರ್ ನೀರು. ಆದರೆ ಹೊಳೆದಂಡೆಯ ಮನುಷ್ಯನಿಗೆ ಬೇಕಾಗಿರುವುದು ಕ್ಯೂಸೆಕ್ಕೂ ಅಲ್ಲ, ಲೀಟರೂ ಅಲ್ಲ. ಈ ನೀರು ನಮ್ಮ ಸೇತುವೆಗೆ ಎಷ್ಟು ಹೊತ್ತಿಗೆ ಮುಟ್ಟುತ್ತದೆ, ಎಷ್ಟು ಎತ್ತರಕ್ಕೆ ಏರುತ್ತದೆ, ಬಸುರಿ ಹೆಂಗಸನ್ನು ಇವತ್ತು ಸಂಜೆಯೇ ಲಿಂಗಸುಗೂರಿಗೆ ಸಾಗಿಸಬೇಕೋ ನಾಳೆಯವರೆಗೆ ಕಾಯಬಹುದೋ ಎಂಬ ಉತ್ತರ ಬೇಕು. ಇಲಾಖೆಯ ಅಂಕಿಯನ್ನು ಈ ಉತ್ತರವನ್ನಾಗಿ ಬದಲಾಯಿಸುವ ಕೆಲಸ ಯಾರದು ಎಂಬುದು ಇಂದಿಗೂ ಸ್ಪಷ್ಟವಿಲ್ಲ.

ಹಿಂದೆ ಈ ಕೆಲಸವನ್ನು ಡಂಗುರ ಮಾಡುತ್ತಿತ್ತು. ನೆರೆಯ ಕಾಲಕ್ಕೆ ಈಗಲೂ ನದಿದಂಡೆಯ ಹಳ್ಳಿಗಳಲ್ಲಿ ಡಂಗುರ ಸಾರಿಸುತ್ತಾರೆ. ಗುಡಿಯ, ಮಸೀದಿಯ ಮೈಕುಗಳಲ್ಲಿ ಕೂಗಿ ಹೇಳುವುದೂ ಉಂಟು. ಡಂಗುರಕ್ಕೆ ಒಂದು ಗುಣವಿತ್ತು. ಸಾರುವವನು ಯಾರು, ಅವನನ್ನು ಕಳಿಸಿದವರು ಯಾರು ಎಂಬುದು ಊರಿಗೆ ಗೊತ್ತಿರುತ್ತಿತ್ತು. ಸುಳ್ಳು ಸಾರಿದರೆ ಮರುದಿನ ಅವನು ಅದೇ ಓಣಿಯಲ್ಲಿ ತಲೆ ಎತ್ತಿ ನಡೆಯಬೇಕಾಗಿತ್ತು. ಡಂಗುರದ ಜಾಗಕ್ಕೆ ಇಂದು ಬಂದಿರುವ ವಾಟ್ಸಾಪ್ ಗುಂಪುಗಳಿಗೆ ವೇಗವಿದೆ. ಆದರೆ ಈ ಹೊಣೆಗಾರಿಕೆ ಇಲ್ಲ.

ಗುರುಗುಂಟಾ ಬಸ್ ನಿಲ್ದಾಣದ ಎದುರಿನ ಚಹದಂಗಡಿಯೊಂದರಲ್ಲಿ ಖಾಸಗಿ ಆಂಬುಲೆನ್ಸ್ ಓಡಿಸುವ ಒಬ್ಬರು ತಮ್ಮ ಮೊಬೈಲನ್ನು ನನ್ನ ಮುಂದೆ ಹಿಡಿದು ಹೇಳಿದ ಮಾತು ನೆನಪಾಗುತ್ತದೆ. "ನೋಡ್ರಿ ಸರ್, ಹನ್ನೊಂದು ಗ್ರೂಪ್ ಅದಾವ. ಗುಡ್ ಮಾರ್ನಿಂಗ್ ತಪ್ಪದ ಬರ್ತಾದ. ಯಾವ ದಾರಿ ಬಂದ್ ಆಗ್ಯಾದ, ಯಾವ ದವಾಖಾನಿಯಾಗ ಬೆಡ್ ಖಾಲಿ ಅದ ಅನ್ನೋದು ಮಾತ್ರ ಟೈಮಿಗೆ ಬರಂಗಿಲ್ಲ." ನಾನು ಕೇಳಿದೆ: "ನೀವು ಹಾಕ್ತೀರೇನು?" ಅವರು ನಕ್ಕರು. "ಹಾಕಿದ್ದೆ ಸರ್ ಒಮ್ಮೆ. ಪೇಶಂಟ್‌ನ ಒಯ್ದಾಗ ಅಲ್ಲಿ ಆಕ್ಸಿಜನ್ ಇದ್ದಿಲ್ಲ ಅಂತ ಬರೆದಿದ್ದೆ. ಮರುದಿನ ಫೋನ್ ಬಂತು, ಯಾಕಪ್ಪಾ, ನಿನಗ ಬಾಡಿಗಿ ಬ್ಯಾಡೇನು ಅಂತ. ಆಮ್ಯಾಲ ನಾನೂ ಗುಡ್ ಮಾರ್ನಿಂಗೇ ಹಾಕ್ತೀನಿ."

ಈ ಮಾತಿನಲ್ಲಿ ನಮ್ಮ ಸಮಸ್ಯೆಯ ಬೇರು ಇದೆ. ತುರ್ತು ಹೊತ್ತಿನಲ್ಲಿ ಮೊದಲು ಓಡಿ ಬರುವವರ ನಡುವೆ ಸಂಪರ್ಕ ಇಲ್ಲವೆಂದಲ್ಲ. ನಿಜ ಹೇಳಿದರೆ ಅನ್ನಕ್ಕೆ ಕುತ್ತು ಬರುತ್ತದೆ ಎಂಬ ಭಯ ಇರುವ ಕಡೆ ಸಂಪರ್ಕವೆಂಬುದು ಕೇವಲ ಶುಭಾಶಯವಾಗುತ್ತದೆ.

ಮೊದಲು ಓಡಿ ಬರುವವರು ಎಂದೆ. ಇಂಗ್ಲಿಷಿನವರು ಇವರಿಗೆ ಫಸ್ಟ್ ರೆಸ್ಪಾಂಡರ್ ಎನ್ನುತ್ತಾರೆ. ಕನ್ನಡದಲ್ಲಿ ಇವರಿಗೆ ಒಂದು ಹೆಸರೇ ನೆಲೆಯೂರಿಲ್ಲ. 108ರ ವಾಹನದಲ್ಲಿರುವವರನ್ನು ಪೈಲಟ್, ಇಎಂಟಿ ಎನ್ನುತ್ತೇವೆ. ಅಗ್ನಿಶಾಮಕ ದಳದವರಿಗೆ, ಗೃಹರಕ್ಷಕರಿಗೆ ಸಮವಸ್ತ್ರವಿದೆ. ಆದರೆ ಪತ್ರಿಕೆಗಳನ್ನು ತೆರೆದು ನೋಡಿ: ಹೊಳೆಯಲ್ಲಿ ಕೊಚ್ಚಿಹೋದವನನ್ನು "ಸ್ಥಳೀಯರು" ಎಳೆದು ತಂದರು, ಉರುಳಿದ ಟಂಟಂನಿಂದ ಕೂಲಿ ಹೆಂಗಸರನ್ನು "ಸ್ಥಳೀಯರು" ಹೊರತೆಗೆದರು. ಈ ಸ್ಥಳೀಯರೆಂದರೆ ತೆಪ್ಪ ಹುಟ್ಟು ಹಾಕುವ ಅಂಬಿಗರು, ಮೀನುಗಾರರು, ಪಂಕ್ಚರ್ ಅಂಗಡಿಯವರು, ಹೆದ್ದಾರಿ ಬದಿಯ ಧಾಬಾದ ಹುಡುಗರು. ಸುದ್ದಿಯಲ್ಲಿ ಅವರಿಗೆ ಹೆಸರಿಲ್ಲ, ವೃತ್ತಿಯಿಲ್ಲ. ಹೆಸರಿಲ್ಲದವರ ಅನುಭವ ದಾಖಲಾಗುವುದಿಲ್ಲ. ನದಿಯ ಸುಳಿ ಎಲ್ಲಿದೆ, ಯಾವ ಬಂಡೆ ಮುಳುಗಿದರೆ ಯಾವ ಗಡ್ಡೆಗೆ ತೆಪ್ಪ ಹೋಗದು ಎಂಬ ಅಂಬಿಗನ ತಿಳಿವಳಿಕೆ ಅವನೊಡನೆಯೇ ಉಳಿದು ಅವನೊಡನೆಯೇ ಹೋಗುತ್ತದೆ. ದೂರದಿಂದ ಬಂದ ವಿಪತ್ತು ಪಡೆಯವರು ದೋಣಿ ಇಳಿಸುವ ಮುನ್ನ ಅವನನ್ನು ಕೇಳುವ ಸಂಪ್ರದಾಯ ಬೆಳೆದರೆ ಎಷ್ಟೋ ಅನಾಹುತ ತಪ್ಪೀತು.

ಇನ್ನು ವೇಗದ ಮಾತು. 2018ರ ಜುಲೈ 13ರಂದು ಬೀದರ್ ಜಿಲ್ಲೆಯ ಔರಾದ್ ಸೀಮೆಯ ಮುರ್ಕಿಯಲ್ಲಿ ನಡೆದುದನ್ನು ನಾವು ಮರೆಯುವಂತಿಲ್ಲ. ಹೈದರಾಬಾದಿನಿಂದ ಬಂದ ಗೆಳೆಯರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರು ಎಂಬ ಗುಲ್ಲೆದ್ದಿತು. ಅವರು ಕಾರು ಹತ್ತಿ ಹೊರಟರೆ, ಸುದ್ದಿ ವಾಟ್ಸಾಪಿನಲ್ಲಿ ಕಾರಿಗಿಂತ ಮುಂದೆ ಓಡಿತು. ಮುಂದಿನ ಊರಿನವರು ದಾರಿಗೆ ಅಡ್ಡಹಾಕಿ ಕಾದು ನಿಂತರು. ಒಬ್ಬ ಮುಸ್ಲಿಂ ಯುವ ಇಂಜಿನಿಯರ್ ಹೊಡೆತಕ್ಕೆ ಸಿಕ್ಕಿ ಸತ್ತ. ಬಿಡಿಸಲು ಹೋದ ಪೊಲೀಸರೂ ಗಾಯಗೊಂಡರು. ಮುಳುಗಿದ ಸೇತುವೆಯ ನಿಜವನ್ನು ಆಂಬುಲೆನ್ಸ್ ಚಾಲಕನಿಗೆ ಮುಟ್ಟಿಸಲಾರದ ಅದೇ ಫೋನು, ಒಂದು ಸುಳ್ಳನ್ನು ಊರಿಂದೂರಿಗೆ ನಿಮಿಷಗಳಲ್ಲಿ ಮುಟ್ಟಿಸಿತು. ಆ ತಿಂಗಳೇ ವಾಟ್ಸಾಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆಗೆ ಕಳಿಸದಂತೆ ಮಿತಿ ಹೇರಿತು. ಮಿತಿ ಒಳ್ಳೆಯದೇ. ಆದರೆ ಸುದ್ದಿ ತಂದವನು ಯಾರೆಂದು ಮೊದಲು ವಿಚಾರಿಸಿ, ಇಲ್ಲವಾದರೆ ಅರಿಯದೆ ಒಂದು ಜನಕ್ಕೆ ಕೇಡು ಮಾಡಿ ಆಮೇಲೆ ಪಶ್ಚಾತ್ತಾಪ ಪಡುವಿರಿ ಎಂಬ ಅರ್ಥದ ಎಚ್ಚರಿಕೆ ಕುರ್‌ಆನಿನ ಹುಜುರಾತ್ ಅಧ್ಯಾಯದಲ್ಲಿ ಹದಿನಾಲ್ಕು ಶತಮಾನಗಳ ಹಿಂದೆಯೇ ಇದೆ. ಅದನ್ನು ನಿತ್ಯ ಓದುವ ನಮ್ಮ ಮನೆಗಳ ಫೋನುಗಳಲ್ಲೂ ವಿಚಾರಿಸದ ಸುದ್ದಿಗಳು ದಿನವೂ ಮುಂದಕ್ಕೆ ಹೋಗುತ್ತಿವೆ ಎಂಬುದನ್ನು ಒಪ್ಪಿಕೊಳ್ಳದೆ ಬೇರೆಯವರತ್ತ ಬೆರಳು ತೋರಿಸುವುದು ಸರಿಯಲ್ಲ.

ಫೋನು ಕೈಯಲ್ಲಿದ್ದವರು ಏನನ್ನು ಮಾಡುತ್ತಾರೆ ಎಂಬುದಕ್ಕೆ ನಮ್ಮ ನೆರೆಯ ಕೊಪ್ಪಳದ ಸಾಕ್ಷಿ ಇನ್ನೂ ನೋವಿನದು. 2017ರ ಫೆಬ್ರವರಿ ಆರಂಭದಲ್ಲಿ ಸೈಕಲ್ ಮೇಲೆ ಕೆಲಸಕ್ಕೆ ಹೊರಟಿದ್ದ ಹದಿನೆಂಟರ ಹುಡುಗನಿಗೆ ಬಸ್ ಬಡಿಯಿತು. ರಕ್ತದ ಮಡುವಿನಲ್ಲಿ ಬಿದ್ದು ನೆರವಿಗೆ ಕೈ ಚಾಚುತ್ತಿದ್ದವನ ಸುತ್ತ ನಿಂತವರಲ್ಲಿ ಅನೇಕರು ಫೋಟೊ ತೆಗೆದರು, ವಿಡಿಯೊ ಮಾಡಿದರು. ಆಸ್ಪತ್ರೆ ತಲುಪುವಷ್ಟರಲ್ಲಿ ಹೊತ್ತು ಮೀರಿತ್ತು. ಅದಕ್ಕೆ ಒಂದು ವರ್ಷ ಮುಂಚೆ, 2016ರ ಫೆಬ್ರವರಿಯಲ್ಲಿ, ನೆಲಮಂಗಲದ ಬಳಿ ಲಾರಿಗೆ ಸಿಕ್ಕಿ ದೇಹ ಎರಡು ತುಂಡಾದ ಹರೀಶ್ ಎಂಬ ಯುವಕ ಸಾಯುವ ಮುನ್ನ ತನ್ನ ಅಂಗಗಳನ್ನು ದಾನ ಮಾಡಿ ಎಂದು ಕೇಳಿಕೊಂಡಿದ್ದ. ಅವನ ಹೆಸರಿನಲ್ಲಿ ಸರ್ಕಾರ ಅಪಘಾತದ ಗಾಯಾಳುಗಳಿಗೆ ಮೊದಲ 48 ಗಂಟೆಗಳ ಉಚಿತ ಚಿಕಿತ್ಸೆಯ ಯೋಜನೆ ತಂದಿತು. ಅದೇ ವರ್ಷ ಸುಪ್ರೀಂ ಕೋರ್ಟು ಗಾಯಾಳುವಿಗೆ ನೆರವಾದವರನ್ನು ಪೊಲೀಸರು, ಆಸ್ಪತ್ರೆಗಳು ಪೀಡಿಸಬಾರದೆಂಬ ನಿಯಮಗಳಿಗೆ ಕಾನೂನಿನ ಬಲ ಕೊಟ್ಟಿತು. ಕರ್ನಾಟಕ ಇದಕ್ಕೆಂದೇ ಪ್ರತ್ಯೇಕ ಕಾಯ್ದೆಯನ್ನೂ ಮಾಡಿತು. ಕಾಯ್ದೆ ಬಂದಿದೆ ಎಂಬ ಸುದ್ದಿ ಮಾತ್ರ ಧಾಬಾದ ಹುಡುಗರಿಗೆ ಇನ್ನೂ ಸರಿಯಾಗಿ ಮುಟ್ಟಿಲ್ಲ. "ಮುಟ್ಟಿದರೆ ಕೇಸು" ಎಂಬ ಹಳೆಯ ಹೆದರಿಕೆ ಹೆದ್ದಾರಿಗಳಲ್ಲಿ ಈಗಲೂ ಕೇಳಿಬರುತ್ತದೆ.

ಕೋವಿಡ್ ಕಾಲದ ಎರಡು ಪ್ರಸಂಗಗಳನ್ನು ಇಲ್ಲಿ ಸೇರಿಸಬೇಕು. 2020ರ ಜೂನ್ ಕೊನೆಗೆ ಬಳ್ಳಾರಿಯಿಂದ ಒಂದು ವಿಡಿಯೊ ಬಂತು. ರಕ್ಷಾಕವಚ ತೊಟ್ಟ ಸಿಬ್ಬಂದಿ ಶವಗಳನ್ನು ಒಂದೇ ಗುಂಡಿಗೆ ಎಸೆಯುತ್ತಿದ್ದರು. ನಾಡು ಬೆಚ್ಚಿತು. ಜಿಲ್ಲಾಧಿಕಾರಿ ಕ್ಷಮೆ ಕೇಳಿದರು, ಆ ತಂಡವನ್ನು ಬದಲಿಸಲಾಯಿತು. ಶವಕ್ಕಾದ ಅವಮಾನ ಅಕ್ಷಮ್ಯ. ಆದರೆ ಆ ಕೆಲಸಕ್ಕೆ ನಿಂತವರಿಗೆ ತರಬೇತಿ ಎಷ್ಟು ಸಿಕ್ಕಿತ್ತು, ಅವರ ಹೆದರಿಕೆಯನ್ನು ಕೇಳಿದವರು ಯಾರು ಎಂಬ ಪ್ರಶ್ನೆಗೆ ಆ ವಿಡಿಯೊದಲ್ಲಿ ಜಾಗವಿರಲಿಲ್ಲ. ಅದೇ ದಿನಗಳಲ್ಲಿ ಬೆಂಗಳೂರು, ಕರಾವಳಿ ಮೊದಲಾದ ಕಡೆ ಮುಸ್ಲಿಂ ತರುಣರ ಸ್ವಯಂಸೇವಾ ತಂಡಗಳು ಜಾತಿ ಧರ್ಮ ನೋಡದೆ ಶವಸಂಸ್ಕಾರ ಮಾಡುತ್ತಿದ್ದವು. ಅವರು ಒಬ್ಬರಿಂದೊಬ್ಬರು ಕಲಿತರು: ಚೀಲವನ್ನು ಹೇಗೆ ಹಿಡಿಯಬೇಕು, ಕವಚವನ್ನು ಯಾವ ಕ್ರಮದಲ್ಲಿ ಕಳಚಬೇಕು, ದೂರ ನಿಂತು ಅಳುವ ಮನೆಯವರೊಡನೆ ಏನು ಮಾತಾಡಬೇಕು. ಒಂದು ಊರಿನ ಪಾಠ ಇನ್ನೊಂದು ಊರಿಗೆ ಫೋನಿನಲ್ಲೇ ಹೋಯಿತು. ವೃತ್ತಿಯ ಅರಿವು ಹಂಚಿಕೆಯಾಗುವುದೆಂದರೆ ಇದೇ. ಬಳ್ಳಾರಿಯ ಆ ಸಿಬ್ಬಂದಿಗೂ ಇಂಥ ಒಂದು ಕೊಂಡಿ ಇದ್ದಿದ್ದರೆ ಆ ವಿಡಿಯೊ ಬಹುಶಃ ಹುಟ್ಟುತ್ತಿರಲಿಲ್ಲ.

ಎರಡನೆಯದು 2021ರ ಮೇ 4ರದ್ದು. ಬೆಂಗಳೂರಿನ ಕೋವಿಡ್ ವಾರ್ ರೂಮೊಂದರಲ್ಲಿ ಸುಮಾರು ಇನ್ನೂರು ಮಂದಿ ಫೋನೆತ್ತಿಕೊಂಡು ಜನರಿಗೆ ಹಾಸಿಗೆ ಹುಡುಕಿಕೊಡುವ ಕೆಲಸದಲ್ಲಿದ್ದರು. ಹಾಸಿಗೆ ಹಗರಣವನ್ನು ಬಯಲು ಮಾಡುತ್ತೇವೆಂದು ಬಂದ ಸಂಸದರೊಬ್ಬರು ಅವರಲ್ಲಿ ಹದಿನೇಳು ಮುಸ್ಲಿಮರ ಹೆಸರುಗಳನ್ನಷ್ಟೇ ಕ್ಯಾಮೆರಾದ ಎದುರು ಓದಿದರು. ಆ ಪಟ್ಟಿ ಭಯೋತ್ಪಾದಕರೆಂಬ ಹಣೆಪಟ್ಟಿಯೊಡನೆ ವಾಟ್ಸಾಪಿನಲ್ಲಿ ಹರಿದಾಡಿತು. ಆ ಹುಡುಗರನ್ನು ಕೆಲಸದಿಂದ ದೂರ ಇಡಲಾಯಿತು. ಇನ್ನೂರರಲ್ಲಿ ಹದಿನೇಳನ್ನೇ ಆರಿಸಲು ಹೆಸರಿನ ಹೊರತು ಬೇರೆ ಆಧಾರವನ್ನು ಅಂದು ಯಾರೂ ತೋರಿಸಲಿಲ್ಲ. ಉಸಿರಿಗಾಗಿ ಜನ ಒದ್ದಾಡುತ್ತಿದ್ದ ದಿನಗಳಲ್ಲಿ ಮಾಹಿತಿ ಹಂಚುವ ಕೈಗಳನ್ನೇ ಕತ್ತರಿಸಿದ ಘಟನೆ ಇದು. ಇದನ್ನು ಕೋಮುವಾದದ ಒಂದು ಉದಾಹರಣೆ ಎಂದಷ್ಟೇ ನೋಡಿದರೆ ಸಾಲದು. ತುರ್ತು ಸೇವೆಯೆಂಬುದು ನಂಬಿಕೆಯ ಮೇಲೆ ನಿಂತಿದೆ. ಫೋನಿನ ಈ ತುದಿಯವನು ಆ ತುದಿಯವನ ಹೆಸರು ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಆ ನಂಬಿಕೆಗೆ ಬಿದ್ದ ಪೆಟ್ಟು ಮುಂದಿನ ವಿಪತ್ತಿನಲ್ಲಿ ಎಲ್ಲರನ್ನೂ ಬಾಧಿಸುತ್ತದೆ.

ಹಾಗಾದರೆ ದಾರಿ ಏನು? ದೂರ ಹೋಗಬೇಕಿಲ್ಲ. ಗುರುಗುಂಟಾಕ್ಕೆ ಹತ್ತಿರದಲ್ಲೇ ಹಟ್ಟಿ ಚಿನ್ನದ ಗಣಿ ಇದೆ. ಗಣಿ ಕೆಲಸ ಇಂದಿಗೂ ಅಪಾಯದ್ದೇ. ಅಲ್ಲಿನ ಕಾರ್ಮಿಕರ, ಅದರಲ್ಲೂ ಗುತ್ತಿಗೆ ಕಾರ್ಮಿಕರ ಕಷ್ಟವನ್ನು ಮರೆಮಾಚುವ ಉದ್ದೇಶ ನನ್ನದಲ್ಲ. ಆದರೆ 1952ರ ಗಣಿ ಕಾಯ್ದೆಯಲ್ಲಿ ಒಂದು ಗಮನಿಸಬೇಕಾದ ಅಂಶವಿತ್ತು. ಯಾರಿಗೂ ಗಾಯವಾಗದಿದ್ದರೂ ಕೆಲವು ಬಗೆಯ ಅಪಾಯಕಾರಿ ಘಟನೆಗಳನ್ನು ವರದಿ ಮಾಡಲೇಬೇಕಿತ್ತು. ಧನಬಾದ್‌ನಲ್ಲಿರುವ ಗಣಿ ಸುರಕ್ಷತಾ ಮಹಾನಿರ್ದೇಶನಾಲಯವು ಅಪಘಾತಗಳಿಂದ ಕಲಿತದ್ದನ್ನು ಸುತ್ತೋಲೆಯಾಗಿ ಬೇರೆ ಗಣಿಗಳಿಗೆ ಕಳಿಸುತ್ತದೆ. ಒಂದು ಗಣಿಯಲ್ಲಿ ಕುಸಿದ ಛಾವಣಿ ಇನ್ನೊಂದು ಗಣಿಗೆ ಪಾಠವಾಗಬೇಕು ಎಂಬ ತತ್ವ ಅದರ ಹಿಂದಿದೆ. ಪಾಲನೆ ಎಷ್ಟು ಎಂಬುದು ಬೇರೆ ಮಾತು. ನೆಲದಡಿಯಲ್ಲಿ ಇರುವ ಈ ತತ್ವ ಕೆಲವೇ ಮೈಲಿ ದೂರದ ಹೊಳೆದಂಡೆಯಲ್ಲಿ, ಹೆದ್ದಾರಿಯಲ್ಲಿ ಇಲ್ಲ.

ಹೊರಗಿನ ಅನುಭವವೂ ಇದನ್ನೇ ಹೇಳುತ್ತದೆ. 2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕಿನಲ್ಲಿ ಸತ್ತ ಅಗ್ನಿಶಾಮಕ ದಳದವರು 343 ಮಂದಿ. ದಕ್ಷಿಣದ ಗೋಪುರ ಕುಸಿದ ಮೇಲೂ ಉತ್ತರದ ಗೋಪುರದಲ್ಲಿದ್ದ ಅನೇಕರಿಗೆ ಅದು ಗೊತ್ತಾಗಲಿಲ್ಲ. ಮೇಲೆ ಹಾರುತ್ತಿದ್ದ ಪೊಲೀಸ್ ಹೆಲಿಕಾಪ್ಟರಿನ ಎಚ್ಚರಿಕೆ ಅಗ್ನಿಶಾಮಕ ದಳಕ್ಕೆ ಮುಟ್ಟಲಿಲ್ಲ. ಎರಡು ಇಲಾಖೆಗಳ ರೇಡಿಯೊಗಳು ಬೇರೆ ಬೇರೆಯಾಗಿದ್ದವು. ಅಂಥ ಸಿರಿವಂತ ನಗರದಲ್ಲೇ ಸುದ್ದಿ ಒಂದು ಇಲಾಖೆಯಿಂದ ಇನ್ನೊಂದಕ್ಕೆ ದಾಟದೆ ಜೀವ ಹೋಗಿತ್ತು. ಆಮೇಲೆ 2005ರಲ್ಲಿ ಅಲ್ಲಿನ ಅಗ್ನಿಶಾಮಕ ಅಧಿಕಾರಿಗಳ ಸಂಘವು ಸ್ವಲ್ಪದರಲ್ಲಿ ತಪ್ಪಿದ ಅನಾಹುತಗಳನ್ನು ಹೆಸರು ಬಯಲಾಗದಂತೆ ಬರೆದು ಹಂಚಿಕೊಳ್ಳುವ ವ್ಯವಸ್ಥೆಯನ್ನು ಆರಂಭಿಸಿತು. ವಿಮಾನಯಾನದಲ್ಲಿ ಅಂಥದ್ದು 1976ರಿಂದಲೇ ಇತ್ತು. ತಪ್ಪನ್ನು ಒಪ್ಪಿಕೊಂಡವನಿಗೆ ಶಿಕ್ಷೆಯಿಲ್ಲ, ಅವನ ತಪ್ಪು ಉಳಿದವರಿಗೆ ಎಚ್ಚರಿಕೆ ಎಂಬುದು ಅದರ ಜೀವಾಳ. ಗುರುಗುಂಟಾದ ಆ ಚಾಲಕನಿಗೆ ಬೇಕಿದ್ದುದೂ ಇದೇ ಅಭಯ.

ನಮ್ಮಲ್ಲಿ ಸಾಧನಗಳಿಗೆ ಬರವಿಲ್ಲ. 2008ರ ನವೆಂಬರ್‌ನಿಂದ 108 ಇದೆ, ಈಗ 112 ಇದೆ, ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಇದೆ, ಅದರ ವರುಣ ಮಿತ್ರ ಸಹಾಯವಾಣಿ ಇದೆ. ಆದರೆ ಇವೆಲ್ಲ ಮೇಲಿನಿಂದ ಕೆಳಕ್ಕೆ ಇಳಿಯುವ ಕೊಳವೆಗಳು. 2022ರ ಸೆಪ್ಟೆಂಬರ್‌ನಲ್ಲಿ ತಾಂತ್ರಿಕ ದೋಷದಿಂದ ರಾಜ್ಯದಾದ್ಯಂತ 108ರ ಕರೆ ವ್ಯವಸ್ಥೆ ಏರುಪೇರಾದಾಗ, ಒಂದೇ ಕೇಂದ್ರವನ್ನು ನೆಚ್ಚಿದ ವ್ಯವಸ್ಥೆ ಎಷ್ಟು ಬೇಗ ಕುಂಟುತ್ತದೆ ಎಂಬುದು ಕಂಡಿತು. ಕೆಳಗಿನವರು ಕೆಳಗಿನವರೊಡನೆ, ಅಡ್ಡಕ್ಕೆ, ಮಾತಾಡುವ ದಾರಿಯೇ ನಮಗೆ ಇಲ್ಲವಾಗಿದೆ.

ಲಿಂಗಸುಗೂರು, ಮಸ್ಕಿ, ಸಿಂಧನೂರು ಈ ಮೂರು ತಾಲ್ಲೂಕುಗಳನ್ನೇ ತೆಗೆದುಕೊಳ್ಳೋಣ. ಒಂದೇ ಹೆದ್ದಾರಿ ಮೂರನ್ನೂ ಪೋಣಿಸಿದೆ. ಆಂಬುಲೆನ್ಸಿನವರು, ಅಗ್ನಿಶಾಮಕ ಠಾಣೆಯವರು, ಪ್ರಾಥಮಿಕ ಆರೋಗ್ಯ ಕೇಂದ್ರದ ದಾದಿಯರು, ಆಶಾ ಕಾರ್ಯಕರ್ತೆಯರು, ಹಟ್ಟಿಯ ಗಣಿ ರಕ್ಷಣಾ ತರಬೇತಿ ಪಡೆದವರು, ಅಂಬಿಗರು, ರಕ್ತದಾನಿಗಳ ಗುಂಪಿನವರು ಸೇರಿದ ಒಂದು ಮುಚ್ಚಿದ ಗುಂಪು ಸಾಕು. ಅದಕ್ಕೆ ಕಟ್ಟುನಿಟ್ಟಾದ ಕೆಲವು ನಿಯಮಗಳು ಬೇಕು. ಕಣ್ಣಾರೆ ಕಂಡದ್ದನ್ನು ಮಾತ್ರ, ಹೊತ್ತು ಮತ್ತು ಜಾಗ ನಮೂದಿಸಿ ಹಾಕಬೇಕು. ರೋಗಿಯ ಮುಖ, ಹೆಸರು, ಕಾಯಿಲೆ ಹೊರಬೀಳಬಾರದು. ಬೈಠಕ್ಕಿನಲ್ಲಿ ಆಡಿದ ಮಾತು ಅಮಾನತ್ತು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಫೋನಿನ ಗುಂಪೂ ಒಂದು ಬೈಠಕ್ಕೇ. ಗುಂಪಿನಲ್ಲಿ ನಿಜ ಹೇಳಿದವನ ಮೇಲೆ ಯಾರೂ ಕ್ರಮ ಜರುಗಿಸಬಾರದು. ಅಲ್ಲದೆ ಬರೆದು ಓದಲಾರದ ಅಂಬಿಗನ ಮಾತು ದನಿಯಾಗಿ ಬರಲಿ, ರಾಯಚೂರಿನ ಕನ್ನಡದಲ್ಲೇ ಬರಲಿ. ಮಳೆಗಾಲ ಮುಗಿದ ಮೇಲೆ ಒಮ್ಮೆ ಎಲ್ಲರೂ ಮುಖಾಮುಖಿ ಕೂತು, ಈ ವರ್ಷ ಏನು ತಪ್ಪಿತು ಎಂದು ಬರೆದಿಡಬೇಕು.

ಇದು ಆಗದ ಮಾತೇನಲ್ಲ. ಹೊಳೆಯಾಚೆಯ ತಿಂಥಣಿಯ ಮೌನೇಶ್ವರನಿಗೆ ಹಿಂದೂ ಮುಸ್ಲಿಮರಿಬ್ಬರೂ ನಡೆದುಕೊಳ್ಳುವ, ಮುದಗಲ್ಲಿನ ಮೊಹರಂ ಎಲ್ಲ ಜಾತಿಯವರ ಹಬ್ಬವಾಗಿರುವ ಸೀಮೆ ಇದು. ಅಮರೇಶ್ವರನ ಜಾತ್ರೆಗೆ ಸೇರುವ ಜನಸಾಗರಕ್ಕೆ ನೀರು, ನೆರಳು, ದಾರಿ ಒದಗಿಸುವ ಕಲೆ ಗುರುಗುಂಟಾದ ಸುತ್ತಲಿನವರಿಗೆ ಹೊಸದಲ್ಲ. ಹೆಸರು ಕೇಳದೆ ಒಟ್ಟಿಗೆ ದುಡಿಯುವುದನ್ನು ಬಲ್ಲವರು ಒಟ್ಟಿಗೆ ಸುದ್ದಿ ಹಂಚುವುದನ್ನೂ ಕಲಿತಾರು.

ಹಿರೇರಾಯನಕುಂಪಿಯ ಆ ಹುಡುಗ ಈಗ ಹರೆಯಕ್ಕೆ ಬಂದಿದ್ದಾನೆ. ಅವನಿಗೆ ಕೊಟ್ಟ ಪದಕಕ್ಕೆ ನಿಜವಾದ ಬೆಲೆ ಬರಬೇಕಾದರೆ, ಮುಂದಿನ ನೆರೆಯಲ್ಲಿ ಇನ್ನೊಬ್ಬ ಮಗು ಹಾಗೆ ನೀರಿಗೆ ಇಳಿಯುವ ಪ್ರಸಂಗ ಬರಬಾರದು. ಸೇತುವೆ ಮುಳುಗಿದೆ, ಈ ಕಡೆಯಿಂದ ಬನ್ನಿ ಎಂಬ ಒಂದು ಸಾಲು, ಆಂಬುಲೆನ್ಸ್ ಹೊರಡುವ ಮುನ್ನ ಚಾಲಕನ ಕೈಗೆ ಬಂದಿರಬೇಕು.